ದುರ್ಬೀನ್ ಆಪರೇಷನ್: ಸಣ್ಣ ತೂತಿನ ಒಳಗೆ ಏನು ನಡೆಯುತ್ತದೆ

ಹುಬ್ಬಳ್ಳಿಯ ಆಸ್ಪತ್ರೆಗಳ ಫಲಕಗಳಲ್ಲಿ ‘ಲ್ಯಾಪ್ರೋಸ್ಕೋಪಿಕ್ ಶಸ್ತ್ರಚಿಕಿತ್ಸೆ’ ಎಂದು ಬರೆದಿರುತ್ತದೆ. ಸರ್ಕಾರಿ ಕಾಗದಗಳಲ್ಲಿ ‘ಉದರದರ್ಶಕ’ ಎಂಬ ಪದ ಬರುತ್ತದೆ. ಆದರೆ ನವಲಗುಂದದಿಂದಲೋ ರೋಣದಿಂದಲೋ ಬೆಳಗಿನ ಬಸ್ಸು ಹಿಡಿದು ಬರುವ ಜನ ಅದನ್ನು ಕರೆಯುವುದು ‘ದುರ್ಬೀನ್ ಆಪರೇಷನ್’ ಎಂದೇ. ಈ ಮೂರರಲ್ಲಿ ಜನರಿಟ್ಟ ಹೆಸರೇ ಹೆಚ್ಚು ಸರಿಯೆಂದು ನನಗೆ ಅನ್ನಿಸುತ್ತದೆ. ಏಕೆಂದರೆ ಇಲ್ಲಿ ಹೊಸದಾಗಿರುವುದು ಒಳಗೆ ಕೊಯ್ಯುವ ಕೆಲಸವಲ್ಲ, ಒಳಗನ್ನು ನೋಡುವ ರೀತಿ. ಇಷ್ಟು ತಿಳಿದರೆ ‘ಲೇಸರ್‌ನಾಗ ಮಾಡ್ತಾರಂತಲ್ರಿ’ ಎಂಬ ತಪ್ಪು ಕಲ್ಪನೆಯೂ ಹೋಗುತ್ತದೆ. ಪಿತ್ತಕೋಶ, ಅಪೆಂಡಿಕ್ಸ್, ಹರ್ನಿಯಾ, ಗರ್ಭಚೀಲ ಇವುಗಳ ದುರ್ಬೀನ್ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಲೇಸರ್ ಇರುವುದಿಲ್ಲ. ಕತ್ತರಿ, ಚಿಮುಟ, ರಕ್ತ ನಿಲ್ಲಿಸಲು ವಿದ್ಯುತ್ತಿನಿಂದ ಕಾಯುವ ಕೊಕ್ಕೆ, ದಾರ ಮತ್ತು ಕ್ಲಿಪ್ಪು, ಇವೇ ಅಲ್ಲಿನ ಸಾಧನಗಳು. ಉದ್ದವಾಗಿ, ಸಪೂರವಾಗಿ ಇರುತ್ತವೆ ಎಂಬುದಷ್ಟೇ ವ್ಯತ್ಯಾಸ.

ನಾನು ಹಲವು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ಕೆಲಸ ಮಾಡಿದವಳು. ಆಪರೇಷನ್‌ನ ಹಿಂದಿನ ಸಂಜೆ ರೋಗಿಯ ಮಂಚದ ಪಕ್ಕ ನಿಂತಾಗ ನನಗೆ ಎಲ್ಲಕ್ಕಿಂತ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದು: ‘ಸಿಸ್ಟರ್, ತೂತು ಸಣ್ಣದ ಐತಲ್ರಿ, ನಾಡಿದ್ದ ಹೊಲಕ್ಕ ಹೋಗಬಹುದಲ್ರಿ?’ ಈ ಲೇಖನವನ್ನು ಬರೆಯುತ್ತಿರುವುದೇ ಆ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುವುದಕ್ಕಾಗಿ. ಚರ್ಮದ ಮೇಲಿನ ಗಾಯ ಸಣ್ಣದು, ಒಳಗಿನ ಕೆಲಸ ಮಾತ್ರ ಹೊಟ್ಟೆ ತೆರೆದು ಮಾಡುವ ಆಪರೇಷನ್‌ನಷ್ಟೇ ದೊಡ್ಡದು. ಅದಕ್ಕೆ ಬೇಕಾದ ಸಿದ್ಧತೆಯೂ ಎಚ್ಚರವೂ ಅಷ್ಟೇ.

ಮೊದಲು ಹೊಟ್ಟೆಯನ್ನು ಅಷ್ಟುದ್ದ ಏಕೆ ಕೊಯ್ಯಬೇಕಾಗುತ್ತಿತ್ತು ಎಂಬುದನ್ನು ನೋಡೋಣ. ಪಿತ್ತಕೋಶವೆಂಬುದು ಬಲಗಡೆಯ ಪಕ್ಕೆಲುಬುಗಳ ಕೆಳಗೆ, ಲಿವರಿನ ಅಡಿಗೆ ಅಂಟಿಕೊಂಡಿರುವ ಒಂದು ಸಣ್ಣ ಚೀಲ. ಅದು ಹಿಡಿಯುವುದು 30ರಿಂದ 50 ಮಿಲಿಲೀಟರ್ ಪಿತ್ತರಸವನ್ನು ಮಾತ್ರ. ಅಷ್ಟು ಚಿಕ್ಕ ಚೀಲವನ್ನು ತೆಗೆಯಲು ಹಿಂದೆ ಪಕ್ಕೆಲುಬಿನ ಕೆಳಗೆ ಒಂದು ಗೇಣಿನ ಹತ್ತಿರ ಹತ್ತಿರ ಕೊಯ್ಯುತ್ತಿದ್ದರು. ಆ ಕೊಯ್ತ ಬೇಕಾಗಿದ್ದುದು ಪಿತ್ತಕೋಶಕ್ಕಲ್ಲ. ವೈದ್ಯರ ಕೈ ಒಳಗೆ ಹೋಗಲಿಕ್ಕೆ, ದೀಪದ ಬೆಳಕು ಬೀಳಲಿಕ್ಕೆ, ಕಣ್ಣಿಗೆ ಕಾಣಿಸಲಿಕ್ಕೆ. ಚರ್ಮ, ಕೊಬ್ಬು, ಮೂರು ಪದರಗಳ ಸ್ನಾಯು ಇಷ್ಟನ್ನೂ ದಾಟಿ ಮತ್ತೆ ಹೊಲಿದ ಮೇಲೆ ರೋಗಿ ಅನುಭವಿಸುತ್ತಿದ್ದ ನೋವಿನಲ್ಲಿ ಹೆಚ್ಚಿನ ಪಾಲು ದಾರಿಯದು, ರೋಗದ್ದಲ್ಲ. ಆ ನೋವಿನಿಂದ ರೋಗಿ ಗಟ್ಟಿಯಾಗಿ ಕೆಮ್ಮಲಾರ, ಪೂರ್ತಿ ಉಸಿರೆಳೆಯಲಾರ. ಹಾಗಾಗಿ ಕಫ ಕಟ್ಟಿ ನ್ಯುಮೋನಿಯಾ ಆಗುವುದಿತ್ತು, ಗಾಯದಲ್ಲಿ ಕೀವು ತುಂಬುವುದಿತ್ತು, ತಿಂಗಳುಗಳ ನಂತರ ಹೊಲಿಗೆಯ ಜಾಗ ಸಡಿಲಾಗಿ ಅಲ್ಲಿಯೇ ಹರ್ನಿಯಾ ಉಬ್ಬುವುದೂ ಇತ್ತು. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲನಿಗೆ ಅಂಥ ಗಾಯವೆಂದರೆ ಒಂದೂವರೆ, ಎರಡು ತಿಂಗಳ ಕೂಲಿ ಹೋದಂತೆ.

ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡುವ ಯೋಚನೆ ನೂರು ವರ್ಷಕ್ಕೂ ಹಳೆಯದು. ಜರ್ಮನಿಯ ಗಿಯೋರ್ಗ್ ಕೆಲ್ಲಿಂಗ್ 1901ರಲ್ಲಿ ನಾಯಿಯ ಹೊಟ್ಟೆಯಲ್ಲಿ ಗಾಳಿ ತುಂಬಿ ಒಳಗೆ ನೋಡಿ ತೋರಿಸಿದರು. ಸ್ವೀಡನ್ನಿನ ಹಾನ್ಸ್ ಕ್ರಿಶ್ಚಿಯನ್ ಯಾಕೋಬೇಯುಸ್ 1910ರಲ್ಲಿ ಮನುಷ್ಯರಲ್ಲಿ ಮಾಡಿದ್ದನ್ನು ಪ್ರಕಟಿಸಿದರು. ಆದರೆ ಬಹುಕಾಲ ಅದು ನೋಡುವುದಕ್ಕಷ್ಟೇ ಸೀಮಿತವಾಗಿತ್ತು, ಬೆಳಕೂ ಮಂದವಾಗಿತ್ತು. ಹೆರಾಲ್ಡ್ ಹಾಪ್ಕಿನ್ಸ್ ಎಂಬ ಭೌತವಿಜ್ಞಾನಿ ಗಾಜಿನ ಸಣ್ಣ ಕಡ್ಡಿಗಳನ್ನು ಸಾಲಾಗಿ ಜೋಡಿಸಿ ಹೊಸ ಬಗೆಯ ದುರ್ಬೀನು ರೂಪಿಸಿದ ಮೇಲೆ ಒಳಗಿನ ಚಿತ್ರ ಸ್ಪಷ್ಟವಾಯಿತು. ಕುರ್ಟ್ ಸೆಮ್ ಎಂಬ ಜರ್ಮನಿಯ ಸ್ತ್ರೀರೋಗ ತಜ್ಞರು 1980ರಲ್ಲಿ ಈ ವಿಧಾನದಿಂದ ಅಪೆಂಡಿಕ್ಸ್ ತೆಗೆದರು, 1985ರಲ್ಲಿ ಎರಿಕ್ ಮ್ಯೂಹೆ ಪಿತ್ತಕೋಶ ತೆಗೆದರು. ಇಬ್ಬರಿಗೂ ಅಂದು ಸಹೋದ್ಯೋಗಿಗಳಿಂದ ಸಿಕ್ಕಿದ್ದು ಟೀಕೆಯೇ. ಒಬ್ಬರೇ ಕಣ್ಣು ಹಚ್ಚಿ ನೋಡುವ ದುರ್ಬೀನಿಗೆ ಕ್ಯಾಮೆರಾ ಜೋಡಿಸಿ, ಥಿಯೇಟರಿನಲ್ಲಿರುವ ಎಲ್ಲರೂ ಪರದೆಯ ಮೇಲೆ ಒಂದೇ ಚಿತ್ರವನ್ನು ನೋಡುವಂತಾದ ಮೇಲೆ ಮಾತ್ರ ಈ ವಿಧಾನ ಜಗತ್ತಿನಾದ್ಯಂತ ಹರಡಿತು. ಭಾರತದಲ್ಲಿ ಮೊದಲ ದುರ್ಬೀನ್ ಪಿತ್ತಕೋಶ ಶಸ್ತ್ರಚಿಕಿತ್ಸೆಯನ್ನು 1990ರಲ್ಲಿ ಮುಂಬೈಯಲ್ಲಿ ಡಾ. ಟೆಹೆಮ್ಟನ್ ಉಡ್ವಾಡಿಯಾ ಮಾಡಿದರು.

ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಿಗಾದರೋ ದುರ್ಬೀನು ಅದಕ್ಕೂ ಮೊದಲೇ ಪರಿಚಯವಿತ್ತು, ಕುಟುಂಬ ಯೋಜನೆಯ ಶಿಬಿರಗಳ ಮೂಲಕ. ಗರ್ಭನಾಳಗಳಿಗೆ ಉಂಗುರ ತೊಡಿಸುವ ಆ ಕೆಲಸ ಕೆಲವೇ ನಿಮಿಷಗಳದು. ಜಾಗವನ್ನಷ್ಟೇ ಮರಗಟ್ಟಿಸಿ, ಸ್ವಲ್ಪ ಮಂಪರು ಬರಿಸಿ ಮಾಡಿ ಮುಗಿಸುತ್ತಿದ್ದರು. ಇವತ್ತಿಗೂ ಅತ್ತೆ ಸೊಸೆಗೆ, ಅಕ್ಕ ತಂಗಿಗೆ ಧೈರ್ಯ ಹೇಳುವುದು ಆ ನೆನಪಿನಿಂದಲೇ: ‘ಏನೂ ಆಗೂದಿಲ್ಲ, ಹತ್ತು ನಿಮಿಷದಾಗ ಮುಗೀತೈತಿ.’ ಆ ಧೈರ್ಯವನ್ನು ನಾನು ಎಂದೂ ಅಲ್ಲಗಳೆಯಲಾರೆ. ಆದರೆ ಪಿತ್ತಕೋಶ ತೆಗೆಯುವುದು, ಹರ್ನಿಯಾ ಉಬ್ಬುವ ಸಡಿಲು ಜಾಗಕ್ಕೆ ಆಧಾರವಾಗಿ ಒಳಗೆ ಬಲೆ ಹಾಕುವುದು ಆ ಬಗೆಯ ಕೆಲಸವಲ್ಲ. ಇವುಗಳಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು, ಮುಕ್ಕಾಲು ಗಂಟೆಯಿಂದ ಎರಡು ಗಂಟೆ ಹಿಡಿಯಬಹುದು, ಒಮ್ಮೊಮ್ಮೆ ಅದಕ್ಕಿಂತಲೂ ಹೆಚ್ಚು.

ಈಗ ಥಿಯೇಟರಿನ ಒಳಗೆ ಹೋಗೋಣ. ರೋಗಿ ನಿದ್ರೆಗೆ ಜಾರಿದ ಮೇಲೆ ಬಾಯಿಯ ಮೂಲಕ ಶ್ವಾಸನಾಳಕ್ಕೆ ಒಂದು ಕೊಳವೆ ಇಳಿಸಿ ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ. ಹೊಟ್ಟೆಯ ಸ್ನಾಯುಗಳು ಪೂರ್ತಿ ಸಡಿಲಾಗಬೇಕು, ಮುಂದೆ ತುಂಬುವ ಗಾಳಿ ಎದೆಯನ್ನು ಕೆಳಗಿನಿಂದ ಒತ್ತಿದರೂ ಉಸಿರಾಟಕ್ಕೆ ಅಡ್ಡಿಯಾಗಬಾರದು, ಈ ಎರಡಕ್ಕೂ ಅದು ಅಗತ್ಯ. ಬಳಿಕ ಹೊಕ್ಕಳ ಹತ್ತಿರ ಒಂದು ಸಣ್ಣ ಕೊಯ್ತ ಮಾಡಿ ಒಳಗೆ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಬಿಡುತ್ತಾರೆ. ಮಲಗಿರುವ ಮನುಷ್ಯನ ಹೊಟ್ಟೆಯ ಗೋಡೆ ಕರುಳಿನ ಮೇಲೆ ಒರಗಿಕೊಂಡಿರುತ್ತದೆ. ನಡುವೆ ಜಾಗವೇ ಇರುವುದಿಲ್ಲ. ಕಂಬ ನಿಲ್ಲಿಸಿ ಗುಡಾರದ ಬಟ್ಟೆ ಎತ್ತಿದಂತೆ ಅನಿಲವು ಆ ಗೋಡೆಯನ್ನು ಮೇಲಕ್ಕೆತ್ತಿ ಕೆಲಸಕ್ಕೆ ಜಾಗ ಮಾಡಿಕೊಡುತ್ತದೆ. ಬಿಪಿ ನೋಡುವ ಪಾದರಸದ ಅಳತೆಯಲ್ಲಿಯೇ ಹೇಳುವುದಾದರೆ ಆ ಅನಿಲದ ಒತ್ತಡ 12ರಿಂದ 15 ಮಿಲಿಮೀಟರ್ ಮಾತ್ರ. ಅದನ್ನು ಅಳೆಯುತ್ತಾ ಕಡಿಮೆಯಾದರೆ ತುಂಬುವ, ಮಿತಿ ಮುಟ್ಟಿದಾಗ ನಿಲ್ಲಿಸುವ ಯಂತ್ರ ಪಕ್ಕದಲ್ಲಿಯೇ ಇರುತ್ತದೆ.

ಸಾಮಾನ್ಯ ಗಾಳಿಯನ್ನೇ ತುಂಬಬಾರದೇಕೆ ಎಂದು ಕೇಳುವವರಿದ್ದಾರೆ, ಒಳ್ಳೆಯ ಪ್ರಶ್ನೆ. ಕಾರ್ಬನ್ ಡೈಆಕ್ಸೈಡ್ ಬೆಂಕಿಗೆ ಹತ್ತಿಕೊಳ್ಳುವುದಿಲ್ಲ, ಆದ್ದರಿಂದ ವಿದ್ಯುತ್ ಕೊಕ್ಕೆಯನ್ನು ನಿರ್ಭಯವಾಗಿ ಬಳಸಬಹುದು. ಅದು ರಕ್ತದಲ್ಲಿ ಬೇಗ ಕರಗುತ್ತದೆ, ಕರಗಿದ್ದನ್ನು ಶ್ವಾಸಕೋಶಗಳು ಉಸಿರಿನ ಮೂಲಕ ಹೊರಹಾಕುತ್ತವೆ. ಸಾಮಾನ್ಯ ಗಾಳಿಯ ಗುಳ್ಳೆಯೊಂದು ರಕ್ತನಾಳಕ್ಕೆ ಸೇರಿದರೆ ಪ್ರಾಣಕ್ಕೆ ಅಪಾಯ. ಈ ಅನಿಲದಲ್ಲಿ ಆ ಅಪಾಯ ಬಹಳ ಕಡಿಮೆ. ಅರಿವಳಿಕೆ ವೈದ್ಯರು ಆಪರೇಷನ್ ಉದ್ದಕ್ಕೂ ರೋಗಿ ಹೊರಬಿಡುವ ಉಸಿರಿನಲ್ಲಿ ಈ ಅನಿಲ ಎಷ್ಟಿದೆ ಎಂಬುದನ್ನು ಅಳೆಯುತ್ತಲೇ ಇರುತ್ತಾರೆ.

ಜಾಗ ಸಿಕ್ಕ ಮೇಲೆ ಹೊಕ್ಕಳ ಬಳಿಯ ತೂತಿನಿಂದ ದುರ್ಬೀನು ಒಳಗಿಳಿಯುತ್ತದೆ. ಅದರ ದಪ್ಪ 5 ಅಥವಾ 10 ಮಿಲಿಮೀಟರ್. ಹೊರಗಿನ ಎಸಿಯ ತಂಪಿನಿಂದ ಬೆಚ್ಚಗಿನ ಹೊಟ್ಟೆಯೊಳಗೆ ಹೋದ ಕೂಡಲೇ ಅದರ ಗಾಜಿಗೆ ಮಂಜು ಕಟ್ಟುತ್ತದೆ. ಹಾಗಾಗದಂತೆ ಶುದ್ಧೀಕರಿಸಿದ ಬಿಸಿನೀರಿನಲ್ಲಿ ಅದರ ತುದಿಯನ್ನು ಅದ್ದಿ ಒರೆಸಿ ಕೊಡುವುದು ನಮ್ಮಂಥ ನರ್ಸ್‌ಗಳ ಕೆಲಸ. ಬಳಿಕ ಪರದೆಯನ್ನು ನೋಡಿಕೊಂಡೇ ಇನ್ನೂ ಎರಡು ಅಥವಾ ಮೂರು ತೂತುಗಳನ್ನು ಮಾಡಿ ಅವುಗಳ ಮೂಲಕ ಸಾಧನಗಳನ್ನು ಇಳಿಸುತ್ತಾರೆ. ಪಿತ್ತಕೋಶದ ಆಪರೇಷನ್ ಆದರೆ ಮೇಜಿನ ತಲೆಯ ಭಾಗವನ್ನು ಎತ್ತಿ, ರೋಗಿಯನ್ನು ಎಡಕ್ಕೆ ವಾಲಿಸುತ್ತಾರೆ. ಕರುಳು ತನ್ನ ಭಾರದಿಂದಲೇ ಕೆಳಗೆ ಜರುಗಿ ದಾರಿ ಬಿಡುತ್ತದೆ.

ವೈದ್ಯರಿಗೆ ಇದು ತೆರೆದ ಆಪರೇಷನ್‌ಗಿಂತ ಸುಲಭವೆಂದು ಅನೇಕರು ತಿಳಿದಿದ್ದಾರೆ. ವಾಸ್ತವ ಹಾಗಿಲ್ಲ. ಸಾಧನವು ಹೊಟ್ಟೆಯ ಗೋಡೆಯಲ್ಲಿ ಏತದ ಹಾಗೆ ಒಂದು ಬಿಂದುವಿನ ಮೇಲೆ ತಿರುಗುವುದರಿಂದ ಹೊರಗೆ ಕೈಯನ್ನು ಎಡಕ್ಕೆ ಒಯ್ದರೆ ಒಳಗಿನ ತುದಿ ಬಲಕ್ಕೆ ಹೋಗುತ್ತದೆ, ಕೈ ಮೇಲೆತ್ತಿದರೆ ತುದಿ ಕೆಳಗಿಳಿಯುತ್ತದೆ. ಪರದೆಯ ಮೇಲಿನ ಚಿತ್ರದಲ್ಲಿ ಆಳ ಸರಿಯಾಗಿ ತಿಳಿಯುವುದಿಲ್ಲ. ಮುಟ್ಟಿ ನೋಡಿ ‘ಇದು ಗಟ್ಟಿಯಿದೆ, ಇದು ಮಿಡಿಯುತ್ತಿದೆ’ ಎಂದು ಅರಿಯುವ ಬೆರಳಿನ ಜ್ಞಾನ ಇಲ್ಲಿ ಬಹುಪಾಲು ಕೈಬಿಟ್ಟು ಹೋಗುತ್ತದೆ. ಇದಕ್ಕೆ ಬದಲಾಗಿ ಸಿಗುವುದು ಹಲವು ಪಟ್ಟು ದೊಡ್ಡದಾಗಿ ಕಾಣುವ ಸ್ವಚ್ಛ ಚಿತ್ರ. ಈ ಕೈಚಳಕವನ್ನು ಪ್ರತ್ಯೇಕವಾಗಿ ಕಲಿಯಲೇಬೇಕು. ಆದ್ದರಿಂದ ‘ಡಾಕ್ಟರ್, ಈ ಆಪರೇಷನ್ ನೀವು ಎಷ್ಟು ಮಾಡೀರಿ?’ ಎಂದು ಕೇಳುವುದಕ್ಕೆ ರೋಗಿಯಾಗಲಿ ಮನೆಯವರಾಗಲಿ ಸಂಕೋಚಪಡಬೇಕಾಗಿಲ್ಲ. ಅದು ಅಗೌರವವಲ್ಲ, ನುರಿತ ವೈದ್ಯರು ಸಮಾಧಾನದಿಂದ ಉತ್ತರಿಸುವುದನ್ನು ನಾನು ನೋಡಿದ್ದೇನೆ.

ಪಿತ್ತಕೋಶವನ್ನು ತೆಗೆಯುವಾಗ ಅತ್ಯಂತ ನಾಜೂಕಿನ ಗಳಿಗೆ ಒಂದಿದೆ. ಲಿವರಿನಿಂದ ಕರುಳಿಗೆ ಪಿತ್ತರಸ ಒಯ್ಯುವ ಮುಖ್ಯ ನಾಳಕ್ಕೆ ಪಿತ್ತಕೋಶದಿಂದ ಒಂದು ಸಣ್ಣ ಕವಲು ನಾಳ ಬಂದು ಸೇರುತ್ತದೆ. ಕ್ಲಿಪ್ಪು ಹಾಕಿ ಕತ್ತರಿಸಬೇಕಾದದ್ದು ಆ ಕವಲನ್ನು ಮತ್ತು ಪಿತ್ತಕೋಶದ ರಕ್ತನಾಳವನ್ನು ಮಾತ್ರ. ಬಾವು ಬಂದು ಎಲ್ಲವೂ ಅಂಟಿಕೊಂಡಾಗ ಮುಖ್ಯ ನಾಳವೇ ಕವಲಿನಂತೆ ಕಾಣಬಹುದು. ಹೀಗೆ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು ಸಾವಿರ ಆಪರೇಷನ್‌ಗಳಲ್ಲಿ ಸುಮಾರು 3ರಿಂದ 5 ಎಂದು ವೈದ್ಯಕೀಯ ಪುಸ್ತಕಗಳು ಹೇಳುತ್ತವೆ. ಸಂಖ್ಯೆ ಚಿಕ್ಕದಾದರೂ ಆದವರಿಗೆ ಅದು ಬಹಳ ದೊಡ್ಡ ತೊಂದರೆ. ಮತ್ತೊಂದು ದೊಡ್ಡ ಆಪರೇಷನ್ ಬೇಕಾಗಬಹುದು. ಇದನ್ನು ತಪ್ಪಿಸಲು ವೈದ್ಯರು ಆ ಜಾಗವನ್ನು ಪೂರ್ತಿ ಬಿಡಿಸಿ, ಪಿತ್ತಕೋಶಕ್ಕೆ ಹೋಗುತ್ತಿರುವುದು ಎರಡೇ ಎರಡು ನಾಳಗಳು ಎಂದು ಕಣ್ಣಾರೆ ಖಚಿತವಾದ ಮೇಲೆಯೇ ಕತ್ತರಿ ಹಾಕುತ್ತಾರೆ. ಬಳಿಕ ಪಿತ್ತಕೋಶವನ್ನು ಲಿವರಿನಿಂದ ಬಿಡಿಸಿ, ಒಂದು ಸಣ್ಣ ಚೀಲಕ್ಕೆ ಹಾಕಿ, ತೂತಿನ ಮೂಲಕವೇ ಎಳೆದು ತೆಗೆಯುತ್ತಾರೆ. ಖರ್ಚು ಉಳಿಸಲು ಶುದ್ಧೀಕರಿಸಿದ ಕೈಗವಸಿನ ತುಂಡನ್ನೇ ಚೀಲದಂತೆ ಬಳಸುವ ರೂಢಿಯೂ ನಮ್ಮ ದೇಶದಲ್ಲಿದೆ. ಕೆಲಸ ಅದರಿಂದಲೂ ಸರಿಯಾಗಿಯೇ ಆಗುತ್ತದೆ.

ಬರೀ ಕಲ್ಲು ತೆಗೆದು ಚೀಲವನ್ನು ಉಳಿಸಬಾರದೇ ಎಂಬ ಕೇಳಿಕೆ ಬಂದೇ ಬರುತ್ತದೆ. ಕಲ್ಲು ಹುಟ್ಟುವುದೇ ಆ ಚೀಲದಲ್ಲಿ. ಅದನ್ನು ಉಳಿಸಿದರೆ ಕಲ್ಲು ಮತ್ತೆ ಆಗಬಹುದು. ಚೀಲ ಹೋದರೂ ಪಿತ್ತರಸ ನಿಲ್ಲುವುದಿಲ್ಲ, ಏಕೆಂದರೆ ಅದು ತಯಾರಾಗುವುದು ಲಿವರಿನಲ್ಲಿ. ಅಲ್ಲಿಂದ ನೇರವಾಗಿ ಕರುಳಿಗೆ ಇಳಿಯುತ್ತಾ ಹೋಗುತ್ತದೆ, ಜೀರ್ಣಕ್ರಿಯೆ ನಡೆಯುತ್ತದೆ. ಇನ್ನೊಂದು ಗೊಂದಲವೂ ನಮ್ಮಲ್ಲಿ ವ್ಯಾಪಕವಾಗಿದೆ: ಕಿಡ್ನಿಯ ಹರಳು ಮತ್ತು ಪಿತ್ತಕೋಶದ ಕಲ್ಲು ಒಂದೇ ಎಂದು ತಿಳಿದು ಬಾಳೆದಿಂಡಿನ ರಸ, ಹುರಳಿ ಕಟ್ಟು ಕುಡಿಯುತ್ತಾ ತಿಂಗಳುಗಟ್ಟಲೆ ಕಾಯುವುದು. ಎರಡೂ ಬೇರೆ ಅಂಗ, ಬೇರೆ ದಾರಿ. ಹೆಚ್ಚು ನೀರು ಕುಡಿದಾಗ ಕಿಡ್ನಿಯ ಸಣ್ಣ ಹರಳು ಮೂತ್ರದೊಂದಿಗೆ ಇಳಿದು ಹೋಗಬಹುದು. ಪಿತ್ತಕೋಶದ ಕಲ್ಲಿಗೆ ಆ ದಾರಿಯಿಲ್ಲ. ಎಣ್ಣೆ ಮತ್ತು ನಿಂಬೆರಸ ಕುಡಿದು ಹಸಿರು ಉಂಡೆಗಳು ಬಿದ್ದವೆಂದು ಸಂತೋಷಪಡುವವರಿಗೂ ಹೇಳಬೇಕು, ಆ ಉಂಡೆಗಳು ಕರುಳಿನಲ್ಲಿ ಎಣ್ಣೆಯೇ ಸಾಬೂನಿನಂತೆ ಗಟ್ಟಿಯಾದದ್ದು.

ಹಾಗೆಂದು ಸ್ಕ್ಯಾನಿಂಗಿನಲ್ಲಿ ಕಲ್ಲು ಕಂಡ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಪಿತ್ತಕೋಶದಲ್ಲಿ ಕಲ್ಲಿರುವ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿದಾಗ ಅದು ಕಣ್ಣಿಗೆ ಬಿದ್ದಿರುತ್ತದೆ ಅಷ್ಟೆ. ಊಟದ ನಂತರ ಬಲ ಪಕ್ಕೆಯಲ್ಲಿ ಬಂದು ಬೆನ್ನಿಗೆ ಹರಿಯುವ ನೋವು, ವಾಂತಿ, ಜ್ವರ, ಕಾಮಾಲೆ, ಮೇದೋಜೀರಕದ ಬಾವು, ಇವುಗಳಲ್ಲಿ ಏನಾದರೂ ಆಗಿದ್ದರೆ ಮಾತು ಬೇರೆ. ಗರ್ಭಚೀಲದ ವಿಷಯದಲ್ಲಂತೂ ನಾನು ಇನ್ನಷ್ಟು ಒತ್ತಿ ಹೇಳಬಯಸುತ್ತೇನೆ. ಬಿಳಿ ಸೆರಗಿಗೆ, ಸೊಂಟನೋವಿಗೆ, ‘ಮಕ್ಕಳಾದವಲ್ಲ, ಇನ್ನ್ಯಾಕ ಬೇಕು’ ಎಂಬ ಮಾತಿಗೆ ಗರ್ಭಚೀಲ ಕಳೆದುಕೊಂಡ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ. ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯಲು ಕೇಂದ್ರದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಬೇಕಾಯಿತು ಎಂದರೆ ಈ ಸಮಸ್ಯೆ ಎಷ್ಟು ಗಂಭೀರವೆಂದು ತಿಳಿಯಬಹುದು. ತೂತು ಸಣ್ಣದೆಂಬ ಕಾರಣಕ್ಕೆ ಬೇಡದ ಆಪರೇಷನ್ ಬೇಕಾದದ್ದಾಗುವುದಿಲ್ಲ. ಔಷಧದಿಂದ ಆಗುವುದಿಲ್ಲವೇ, ಕಾಯಬಹುದೇ, ತೆಗೆಯದಿದ್ದರೆ ಏನಾಗುತ್ತದೆ ಎಂದು ಕೇಳಿ. ಉತ್ತರ ಸಮಾಧಾನ ತರದಿದ್ದರೆ ಕಾಗದಗಳನ್ನು ಹಿಡಿದು ಇನ್ನೊಬ್ಬ ವೈದ್ಯರ ಬಳಿ ಹೋಗಿ.

ಹರ್ನಿಯಾಕ್ಕೆ ಎರಡೂ ದಾರಿಗಳು ಒಳ್ಳೆಯವೇ. ತೊಡೆಸಂದಿಯ ಹರ್ನಿಯಾವನ್ನು ದುರ್ಬೀನಿನಿಂದ ಒಳಮಗ್ಗುಲಿನಿಂದ ಮುಚ್ಚಿ ಬಲೆ ಹಾಸಬಹುದು, ಎರಡೂ ಕಡೆ ಇದ್ದವರಿಗೆ ಇದು ಹೆಚ್ಚು ಅನುಕೂಲ. ಆದರೆ ಎದೆಯ ತೊಂದರೆಯಿರುವ ವಯಸ್ಸಾದವರಿಗೆ ಬೆನ್ನಿಗೆ ಚುಚ್ಚಿ, ಸೊಂಟದ ಕೆಳಗೆ ಮರಗಟ್ಟಿಸಿ ಮಾಡುವ ತೆರೆದ ಆಪರೇಷನ್ನೇ ಕ್ಷೇಮವಾಗಬಹುದು. ವೈದ್ಯರು ಅದನ್ನು ಸೂಚಿಸಿದರೆ ‘ಹಳೇ ಪದ್ಧತಿ’ ಎಂದು ಬೇಸರಿಸಬೇಕಾಗಿಲ್ಲ.

ಅದೇ ರೀತಿ, ದುರ್ಬೀನಿನಿಂದ ಆರಂಭಿಸಿದ ಆಪರೇಷನ್ ನಡುವೆ ಹೊಟ್ಟೆ ತೆರೆಯಬೇಕಾಗಿ ಬರಬಹುದು. ಹಿಂದಿನ ಆಪರೇಷನ್‌ನಿಂದ ಕರುಳು ಅಂಟಿಕೊಂಡಿದ್ದರೆ, ಬಾವು ಹೆಚ್ಚಾಗಿ ನಾಳಗಳು ಗುರುತಿಗೆ ಸಿಗದಿದ್ದರೆ, ರಕ್ತ ನಿಲ್ಲದಿದ್ದರೆ ಬೇರೆ ದಾರಿಯಿರುವುದಿಲ್ಲ. ಮುಂಚೆಯೇ ದಿನ ಗೊತ್ತು ಮಾಡಿ ಮಾಡುವ ಪಿತ್ತಕೋಶದ ಆಪರೇಷನ್‌ಗಳಲ್ಲಿ ಇದು ವಿರಳ. ಕೀವು ತುಂಬಿ ತುರ್ತಾಗಿ ಮಾಡಿದಾಗ ಹೆಚ್ಚು. ಥಿಯೇಟರಿನಿಂದ ಹೊರಗೆ ಬಂದು ವೈದ್ಯರು ಈ ವಿಷಯ ತಿಳಿಸಿದಾಗ ಮನೆಯವರು ‘ಕೆಟ್ಟು ಹೋಯಿತು’ ಎಂದು ಅಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅದು ಕೆಟ್ಟದ್ದಲ್ಲ, ಕೆಡದಂತೆ ತೆಗೆದುಕೊಂಡ ನಿರ್ಧಾರ. ಸಹಿ ಮಾಡುವ ಒಪ್ಪಿಗೆ ಪತ್ರದಲ್ಲಿ ಈ ಸಾಧ್ಯತೆಯನ್ನು ಬರೆದಿರುತ್ತಾರೆ. ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಕನ್ನಡದಲ್ಲಿ ಓದಿ ಹೇಳಿರೆಂದು ಕೇಳುವುದು ರೋಗಿಯ ಹಕ್ಕು.

ಸಿದ್ಧತೆಯ ಬಗ್ಗೆ ಈಗ ಕೆಲವು ಮಾತು. ಗಟ್ಟಿ ಆಹಾರವನ್ನು ಕನಿಷ್ಠ 6 ಗಂಟೆ ಮೊದಲು, ಬರೀ ನೀರನ್ನು 2 ಗಂಟೆ ಮೊದಲು ನಿಲ್ಲಿಸಬೇಕು. ನಿಮ್ಮ ಅರಿವಳಿಕೆ ವೈದ್ಯರು ಇದಕ್ಕಿಂತ ಬೇರೆ ಸಮಯ ಹೇಳಿದರೆ ಅದನ್ನೇ ಪಾಲಿಸಿ. ಹಾಲು ಹಾಕಿದ ಚಹಾ ನೀರಲ್ಲ, ಅದು ಆಹಾರ. ಬೆಳಿಗ್ಗೆ ಒಂದು ಗುಟುಕು ಚಹಾ ಕುಡಿದು ಹೆದರಿಕೆಯಿಂದ ಮುಚ್ಚಿಟ್ಟವರೊಬ್ಬರು ಥಿಯೇಟರಿನ ಬಾಗಿಲಲ್ಲಿ ಸತ್ಯ ಹೇಳಿದ್ದರಿಂದ ಆಪರೇಷನ್ ಮುಂದಕ್ಕೆ ಹೋಯಿತು. ಹೇಳದೇ ಹೋಗಿದ್ದರೆ ಮಂಪರಿನಲ್ಲಿ ವಾಂತಿಯಾಗಿ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿತ್ತು. ಬಿಪಿ, ಸಕ್ಕರೆ, ಥೈರಾಯ್ಡ್, ರಕ್ತ ತೆಳುವಾಗಿಸುವ ಮಾತ್ರೆ, ಹಳ್ಳಿಯ ಔಷಧ ಯಾವುದೇ ಇರಲಿ, ಚೀಟಿಗಳನ್ನೂ ಮಾತ್ರೆಗಳನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬನ್ನಿ. ಯಾವುದನ್ನು ನಿಲ್ಲಿಸಬೇಕು ಎಂಬುದನ್ನು ವೈದ್ಯರು ಹೇಳಲಿ, ನೀವಾಗಿ ನಿಲ್ಲಿಸಬೇಡಿ.

ಗುಟ್ಕಾ ತಿನ್ನುವವರಿಗೆ ಬೇರೆಯದೇ ಒಂದು ಎಚ್ಚರಿಕೆ ಹೇಳಲೇಬೇಕಾಗಿದೆ. ವರ್ಷಗಟ್ಟಲೆ ಗುಟ್ಕಾ, ಅಡಿಕೆ ಅಗಿದವರ ಕೆನ್ನೆಯ ಒಳಗಿನ ಚರ್ಮ ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗಿರಬಹುದು. ಅಂಥವರ ಶ್ವಾಸನಾಳಕ್ಕೆ ಕೊಳವೆ ಇಳಿಸುವುದು ಬಹಳ ಕಷ್ಟ. ಮೂಗಿನ ಮೂಲಕ, ಬೇರೆ ದುರ್ಬೀನಿನ ಸಹಾಯದಿಂದ ಇಳಿಸಬೇಕಾಗಿ ಬರಬಹುದು. ಅದಕ್ಕೆ ಮುಂಚೆಯೇ ತಯಾರಿ ಬೇಕು. ಆದ್ದರಿಂದ ಚಟವನ್ನು ಮುಚ್ಚಿಡದೆ ಹೇಳಿ. ಬೀಡಿ, ಸಿಗರೇಟು ಸೇದುವವರು ಎಷ್ಟು ಬೇಗ ನಿಲ್ಲಿಸಿದರೆ ಅಷ್ಟು ಒಳ್ಳೆಯದು. ನಿಲ್ಲಿಸಿದವರಲ್ಲಿ ಕೆಮ್ಮು, ಕಫ, ಗಾಯದ ಸೋಂಕು ಎಲ್ಲವೂ ಕಡಿಮೆ. ಹೊಕ್ಕಳನ್ನು ಹಿಂದಿನ ದಿನ ಸಾಬೂನಿನಿಂದ ಚೆನ್ನಾಗಿ ತೊಳೆದುಕೊಳ್ಳಿ, ದಾರಿ ಅಲ್ಲಿಂದಲೇ ಆರಂಭವಾಗುತ್ತದೆ. ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಬೇಡಿ, ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಸೇರುತ್ತದೆ. ವಿದ್ಯುತ್ ಕೊಕ್ಕೆ ಬಳಸುವುದರಿಂದ ಮೈಮೇಲೆ ಲೋಹ ಇರಬಾರದು. ಕಾಲುಂಗುರ, ಮೂಗುತಿ, ತಾಳಿ ತೆಗೆಯಲು ಮನಸ್ಸು ಒಪ್ಪದ ತಾಯಂದಿರಿಗೆ ಅರಿಶಿನ ಕೊಂಬು ಕಟ್ಟಿದ ದಾರವನ್ನು ಹಾಕಿಕೊಳ್ಳಲು ನಾನು ಹೇಳುತ್ತಿದ್ದೆ.

ಎಚ್ಚರವಾದ ಮೇಲೆ ಅನೇಕರು ಅಚ್ಚರಿಯಿಂದ ಕೇಳುತ್ತಾರೆ: ‘ಕೊಯ್ದದ್ದು ಹೊಟ್ಟಿ, ಭುಜ ಯಾಕ ನೋಯ್ತೈತ್ರಿ?’ ಹೊಟ್ಟೆಯಲ್ಲಿ ಉಳಿದ ಅನಿಲವು ಎದೆಗೂ ಹೊಟ್ಟೆಗೂ ನಡುವಿರುವ ವಪೆ ಎಂಬ ಪರದೆಯನ್ನು ಕೆರಳಿಸುತ್ತದೆ. ವಪೆಯ ನರ ಹುಟ್ಟುವುದು ಕುತ್ತಿಗೆಯಲ್ಲಿ, ಭುಜದ ಚರ್ಮದ ನರಗಳು ಹುಟ್ಟುವ ಜಾಗದ ಹತ್ತಿರವೇ. ಹೀಗಾಗಿ ಮಿದುಳು ಆ ನೋವನ್ನು ಭುಜದ್ದೆಂದು ತಿಳಿಯುತ್ತದೆ. ಎರಡು ಮೂರು ದಿನಗಳಲ್ಲಿ ಅನಿಲ ಹೀರಿಕೊಂಡು ಹೋಗುತ್ತದೆ, ಎದ್ದು ಓಡಾಡಿದರೆ ಬೇಗ ಕಡಿಮೆಯಾಗುತ್ತದೆ. ಅದೇ ದಿನ ಸಂಜೆ ಮಂಚದಿಂದ ಇಳಿದು ನಾಲ್ಕು ಹೆಜ್ಜೆ ನಡೆಯುವುದು ಕಾಲಿನ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವುದನ್ನೂ ತಡೆಯುತ್ತದೆ.

ತೊಂದರೆಯಿಲ್ಲದ ಪಿತ್ತಕೋಶದ ಆಪರೇಷನ್ ಆದವರು ಬಹುತೇಕ ಮರುದಿನವೋ ಅದರ ಮರುದಿನವೋ ಮನೆಗೆ ಹೋಗುತ್ತಾರೆ. ಊಟದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಪಥ್ಯ ಅತಿಯಾಗುತ್ತದೆ; ಹದಿನೈದು ದಿನ ಬರೀ ಗಂಜಿ ಕುಡಿಸಿದರೆ ಗಾಯ ಮಾಯಲು ಬೇಕಾದ ಪೋಷಣೆ ಎಲ್ಲಿಂದ ಬರಬೇಕು? ವಾಂತಿ ನಿಂತ ಮೇಲೆ ಮೆತ್ತಗಿನ ಅನ್ನ, ಬೇಳೆ, ಮೊಸರು, ಎರಡು ಮೂರು ದಿನಗಳಲ್ಲಿ ರೊಟ್ಟಿ ಪಲ್ಯ ಉಣ್ಣಬಹುದು. ಮೊಟ್ಟೆ ತಿನ್ನುವವರು ತಿನ್ನಲಿ. ಕೆಲವು ವಾರ ಎಣ್ಣೆ ಕರಿದದ್ದು ಕಡಿಮೆಯಿರಲಿ, ಸಾಕು. ಕುಳಿತು ಮಾಡುವ ಕೆಲಸಕ್ಕೆ ಒಂದರಿಂದ ಎರಡು ವಾರದಲ್ಲಿ ಮರಳಬಹುದು. ಆದರೆ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಎತ್ತುವುದು, ತುಂಬಿದ ಕೊಡ ಹೊರುವುದು, ಟ್ರ್ಯಾಕ್ಟರ್ ಹೊಡೆಯುವುದು ಇವೆಲ್ಲ ನಾಲ್ಕರಿಂದ ಆರು ವಾರ ಬೇಡ. ಹೊಕ್ಕಳ ತೂತಿನ ಕೆಳಗಿನ ಗಟ್ಟಿ ಪದರ ಕೂಡಿಕೊಳ್ಳಲು ಚರ್ಮಕ್ಕಿಂತ ಬಹಳ ಹೆಚ್ಚು ಕಾಲ ಬೇಕು. ಹೊರಗೆ ಮಾಯ್ದಂತೆ ಕಾಣುವ ಗಾಯವನ್ನು ನಂಬಿ ಭಾರ ಎತ್ತಿದರೆ ಅಲ್ಲಿಯೇ ಹರ್ನಿಯಾ ಆಗಬಹುದು. ‘ನಾಡಿದ್ದ ಹೊಲಕ್ಕ ಹೋಗಬಹುದಲ್ರಿ’ ಎಂಬ ಪ್ರಶ್ನೆಗೆ ಉತ್ತರ ಇದು: ಹೊಲ ನೋಡಿ ಬರಲು ಹೋಗಬಹುದು, ದುಡಿಯಲು ಹೋಗುವಂತಿಲ್ಲ.

ಮನೆಗೆ ಹೋದ ಮೇಲೆ ನೋವು ದಿನದಿನಕ್ಕೆ ಇಳಿಯಬೇಕು. ಇಳಿಯುವ ಬದಲು ಏರುತ್ತಿದ್ದರೆ, ಹೊಟ್ಟೆ ಉಬ್ಬಿ ಬಿಗಿಯುತ್ತಿದ್ದರೆ, ಚಳಿಜ್ವರ ಬಂದರೆ, ವಾಂತಿ ನಿಲ್ಲದಿದ್ದರೆ, ಕಣ್ಣು ಅಥವಾ ಮೂತ್ರ ಹಳದಿಯಾದರೆ, ಉಸಿರು ಕಟ್ಟಿದರೆ, ಒಂದು ಕಾಲು ಮಾತ್ರ ಬಾತು ನೋಯುತ್ತಿದ್ದರೆ ರಾತ್ರಿಯಾದರೂ ಬೆಳಗಿಗೆ ಕಾಯದೆ ಆಸ್ಪತ್ರೆಗೆ ಬನ್ನಿ. ಪಿತ್ತನಾಳದ ಸೋರಿಕೆ, ಕರುಳಿನ ಗಾಯ ಇವು ಒಮ್ಮೊಮ್ಮೆ ಮೂರು ನಾಲ್ಕು ದಿನಗಳ ಬಳಿಕವೇ ಗೊತ್ತಾಗುತ್ತವೆ. ಬೇಗ ತಿಳಿದರೆ ಸರಿಪಡಿಸಬಹುದು. ಇನ್ನೊಂದು ತೊಂದರೆ ತಡವಾಗಿ ಬರುತ್ತದೆ. ಮಾಯ್ದ ತೂತಿನ ಜಾಗದಲ್ಲಿ ನಾಲ್ಕೈದು ವಾರಗಳ ನಂತರ ಗಂಟು ಕಟ್ಟಿ ನೀರಿನಂಥ ಕೀವು ಸೋರಲು ಆರಂಭವಾಗಿ, ಸಾಮಾನ್ಯ ಆಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ಟಿಬಿಯ ರೋಗಾಣುವಿಗೆ ಸಂಬಂಧಪಟ್ಟ ಒಂದು ಬಗೆಯ ಸೂಕ್ಷ್ಮಾಣು ಇದಕ್ಕೆ ಕಾರಣ. ಅದು ಸರಿಯಾಗಿ ಶುದ್ಧೀಕರಿಸದ ಸಾಧನಗಳಿಂದ, ಅವುಗಳನ್ನು ತೊಳೆದ ನೀರಿನಿಂದ ಬರುತ್ತದೆ. ಉದ್ದ ಕೊಳವೆಯಂಥ ಸಾಧನಗಳನ್ನು ಬಿಚ್ಚಿ, ಒಳಗೆಲ್ಲ ಬ್ರಷ್ಷಿನಿಂದ ಉಜ್ಜಿ, ಸರಿಯಾದ ವಿಧಾನದಿಂದ ಶುದ್ಧೀಕರಿಸುವುದು ಬೇಸರದ ಕೆಲಸವೆಂದು ಕಾಣಬಹುದು. ನನ್ನ ಮಟ್ಟಿಗೆ ಅದು ಆಪರೇಷನ್‌ನ ಅರ್ಧ ಭಾಗ. ಬೇರೆಡೆ ಆಪರೇಷನ್ ಆಗಿ ಹೀಗೆ ಸೋರುವ ಗಾಯದೊಂದಿಗೆ ತಿಂಗಳುಗಟ್ಟಲೆ ಅಲೆದ ಹೆಣ್ಣುಮಗಳೊಬ್ಬಳಿಗೆ ಡ್ರೆಸಿಂಗ್ ಮಾಡಿದ ದಿನಗಳು ನನಗೆ ಮರೆತಿಲ್ಲ. ಅಂಥ ಗಾಯವಾದರೆ ಮನೆಮದ್ದು ಹಚ್ಚುತ್ತಾ ಕೂರದೆ ಕೀವಿನ ಪರೀಕ್ಷೆ ಮಾಡಿಸಿ.

ಖರ್ಚಿನ ಮಾತು ಕೊನೆಗೆ ಬಂದರೂ ಮನೆಯವರ ತಲೆಯಲ್ಲಿ ಮೊದಲು ಇರುವುದು ಅದೇ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಆರಂಭವಾದ, ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಗದಗ ಮತ್ತು ಹಾವೇರಿಗಳಲ್ಲಿಯೂ ಈಗ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮೊದಲು ಅಲ್ಲಿ ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಗೆ ಅವಕಾಶವಿದೆ, ಉಳಿದವರಿಗೆ ನಿಗದಿತ ದರದ 30 ಪ್ರತಿಶತ, ವರ್ಷಕ್ಕೆ ಹೆಚ್ಚೆಂದರೆ 1.5 ಲಕ್ಷ. ತುರ್ತು ಅಲ್ಲದ ಆಪರೇಷನ್‌ಗೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋದರೆ ಯೋಜನೆ ಅನ್ವಯಿಸದೇ ಹೋಗಬಹುದು. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಬಲೆ, ಕ್ಲಿಪ್ಪುಗಳ ಖರ್ಚು ಹೇಳಿದ ಮೊತ್ತದಲ್ಲಿ ಸೇರಿದೆಯೇ, ನಡುವೆ ಹೊಟ್ಟೆ ತೆರೆಯಬೇಕಾಗಿ ಬಂದರೆ ಎಷ್ಟಾಗುತ್ತದೆ ಎಂಬುದನ್ನು ಭರ್ತಿಯಾಗುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.

ಮನೆಗೆ ಹೊರಡುವಾಗ ಡಿಸ್ಚಾರ್ಜ್ ಕಾಗದ, ಸ್ಕ್ಯಾನಿಂಗ್ ವರದಿ ಎಲ್ಲವನ್ನೂ ಒಂದು ಕವರಿನಲ್ಲಿಟ್ಟು ಜೋಪಾನ ಮಾಡಿ. ಹತ್ತು ವರ್ಷದ ನಂತರ ಹೊಟ್ಟೆನೋವು ಬಂದಾಗ ಯಾವ ಅಂಗ ತೆಗೆದಿದ್ದಾರೆ ಎಂಬುದೇ ನೆನಪಿಲ್ಲದ ರೋಗಿಗಳು ಕಡಿಮೆಯೇನಿಲ್ಲ. ತೆಗೆದ ಪಿತ್ತಕೋಶವನ್ನಾಗಲಿ ಗರ್ಭಚೀಲವನ್ನಾಗಲಿ ಬಾಟಲಿಯಲ್ಲಿ ತೋರಿಸಿ ಅಷ್ಟಕ್ಕೇ ಮುಗಿಸುವಂತಿಲ್ಲ, ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಕ್ಯಾನ್ಸರ್ ಇಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಹೊಲಿಗೆ ತೋರಿಸಲು ಬಂದ ದಿನ ಆ ಬಯಾಪ್ಸಿ ವರದಿಯನ್ನು ಮರೆಯದೆ ಕೇಳಿ ಪಡೆಯಿರಿ, ಅದರಲ್ಲಿ ಏನು ಬರೆದಿದೆ ಎಂಬುದನ್ನು ವೈದ್ಯರ ಬಾಯಿಂದ ಕೇಳಿಸಿಕೊಂಡೇ ಬಸ್ಸು ಹತ್ತಿ.